ಎರಡನೇ ಭಾಗ ನೋಡಿ ಅತ್ತ ದಿನ

"ಮಕ್ಕಳಿಗೇನು ಗೊತ್ತಾಗುತ್ತದೆ?" ಹಳೆಯ ಕಾರ್ಟೂನ್ ಸಿನಿಮಾಗಳ ಅಗ್ಗದ ಎರಡನೇ ಭಾಗಗಳನ್ನು ಸಮರ್ಥಿಸುತ್ತ ನಮ್ಮ ಕಾರ್ಟೂನ್ ಅಭಿಮಾನಿಗಳ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಇಂದು ಹೀಗೆ ಬರೆದರು. ಓದಿ ಮೈ ಉರಿಯಿತು.

ಚಿಕ್ಕವಳಿದ್ದಾಗ ಒಮ್ಮೆ ಇಳಕಲ್ಲಿನ ಸೋದರತ್ತೆಯ ಮನೆಯಲ್ಲಿ ಅಂಥದ್ದೇ ಒಂದು ಎರಡನೇ ಭಾಗದ ವಿಡಿಯೊ ಕ್ಯಾಸೆಟ್ ಹಾಕಿಕೊಂಡು ಕೂತಿದ್ದೆ. ಮೊದಲ ಭಾಗದಲ್ಲಿ ನಾನು ಜೀವ ಇಟ್ಟಿದ್ದ ಮೊಲದ ಮರಿಗೆ ಇದರಲ್ಲಿ ಮುಖವೇ ಬೇರೆ, ದನಿಯೇ ಬೇರೆ. ಅತ್ತುಬಿಟ್ಟೆ. ಪಕ್ಕದ ಮಗ್ಗದಲ್ಲಿ ಅತ್ತೆ ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕುತ್ತಿದ್ದರು. ಒಂದು ಎಳೆ ತಪ್ಪಿತೆಂದು ಬಿಚ್ಚತೊಡಗಿದಾಗ ಮಾವ ನಕ್ಕರು.

"ಬಿಡ ಅತ್ಲಾಗ, ಉಟ್ಕೊಳ್ಳಾಕಿಗಿ ಏನ್ ಗೊತ್ತಾಕ್ಕೈತಿ?"

ಅತ್ತೆ ಟೀವಿಯತ್ತ ಕೈ ಮಾಡಿದರು. "ಅದನ್ನ ಮಾಡಿದವ್ರೂ ಹಿಂಗ ಅಂದಿರಬೇಕು. ಈ ಹುಡುಗಿಗಿ ಗೊತ್ತಾತಲ್ರಿ."

ನನ್ನ ಸಿಟ್ಟು ಅತಿಯಾಯಿತೇನೋ ಎಂದು ಇಂದು ಗುಂಪಿಗೆ ಬರೆದ ಉತ್ತರವನ್ನು ಎರಡು ಸಲ ಅಳಿಸಿದೆ. ಮೂರನೇ ಸಲ ಕಳಿಸಿಯೇಬಿಟ್ಟೆ: "ಗೊತ್ತಾಗಿತ್ತು. ನಾನು ಅತ್ತಿದ್ದೆ."