ಬೀಗರು ತಂದುಕೊಟ್ಟ ಪಂಪು

ಎರವಲು ಹೋದ ಪಂಪು ಮನೆಗೆ ಮರಳಿದರೆ ಅಪ್ಪಾಸಾಬ ಕಾಕಾ ಮೊದಲು ಮುಚ್ಚಳ ತೆಗೆದು ಮೂಗು ಒಳಗಿಡುತ್ತಿದ್ದರು. ತಂದವರಿಗೆ ‘ಬರ್ರಿ, ಕೂಡ್ರಿ’ ಅನ್ನುವುದು ಆಮೇಲೆ. “ಕಾಕಾ, ಅತ್ತರ ಹಾಕಿ ತಂದೇನ್ರಿ” ಎಂದು ಓಣಿಯವರು ಚೇಷ್ಟೆ ಮಾಡಿದರೂ ಮೂಗು ಹೊರಗೆ ಬರುತ್ತಿರಲಿಲ್ಲ.

ಐಗಳಿಯ ನಮ್ಮ ಓಣಿಯಲ್ಲಿ ಕೂರಿಗೆ, ರೆಂಟೆ, ಬೆನ್ನಿಗೆ ಹಾಕಿಕೊಂಡು ಔಷಧಿ ಹೊಡೆಯುವ ಪಂಪು, ಏನು ಬೇಕಾದರೂ ಅವರ ಮನೆಗೇ ಹೋಗಬೇಕು. ಇಲ್ಲ ಅಂದದ್ದನ್ನು ನಾನು ಕೇಳಿಲ್ಲ. ಬಾಡಿಗೆಯ ಮಾತೆತ್ತಿದವರಿಗೆ “ನಾ ಏನ ಅಂಗಡಿ ಇಟ್ಟೇನೇನಲೇ?” ಎಂದು ಗದರುತ್ತಿದ್ದರು. ಕರಾರು ಒಂದೇ: ಪಂಪಿನಲ್ಲಿ ಕಳೆನಾಶಕ, ನಮ್ಮ ಮಾತಿನಲ್ಲಿ ‘ಕಸದ ಎಣ್ಣಿ’, ಹಾಕಕೂಡದು. ಅದರ ಅಂಶ ಚೂರು ಉಳಿದರೂ ದ್ರಾಕ್ಷಿಬಳ್ಳಿ ಮುರುಟಿಹೋಗುತ್ತದೆ.

ಎರಡು ವರ್ಷದ ಹಿಂದೆ ಪಕ್ಕದೂರಿನ ಬೀಗರು, ಅಂದರೆ ಕಾಕಾನ ಮಗಳ ಮಾವ, ಒಯ್ದ ಪಂಪನ್ನು ತಂದುಕೊಟ್ಟರು. ಮಗಳನ್ನು ಕೊಟ್ಟ ಮನೆಯವರಿಗೆ ಕರಾರು ಹಾಕುವುದು, ಅವರ ಎದುರು ಮೂಸುವುದು ಹೇಗೆ? ಕಾಕಾ ಚಹಾ ಕುಡಿಸಿ, ಊರ ಅಗಸಿಬಾಗಿಲತನಕ ಕಳಿಸಲು ಹೋದರು. ಅಷ್ಟರಲ್ಲಿ ನನ್ನ ಅಣ್ಣ ಮಾದೇವ, ಕಾಕಾನ ಹೆಂಡತಿ ಕಾಕೂನನ್ನು ಕೇಳಿ ಪಂಪು ಒಯ್ದ. ಮಳೆ ಹಿಡಿದು ನಮ್ಮ ಎಕರೆ ದ್ರಾಕ್ಷಿಗೆ ರೋಗ ಬಿದ್ದಿತ್ತು, ಕೆಸರಿಗೆ ಟ್ರ್ಯಾಕ್ಟರು ಒಳಗೆ ಹೋಗುವಂತಿರಲಿಲ್ಲ.

ನಾನು ತೋಟದಲ್ಲೇ ಇದ್ದೆ. ಅಣ್ಣ ಎರಡು ಬಳ್ಳಿಗೆ ಹೊಡೆದು ಮೂರನೆಯದಕ್ಕೆ ತಿರುಗುತ್ತಿದ್ದ.

“ಮಾದೇವಾ, ಬಂದ್ ಮಾಡಲೇ!”

ಕಾಕಾ ಒಂದೇ ಚಪ್ಪಲಿಯಲ್ಲಿ ಬದುವಿನ ಮೇಲೆ ಓಡಿಬರುತ್ತಿದ್ದರು. ಪಂಪು ಇಳಿಸಿ ಮೂಸಿದರು. ಅಣ್ಣ ಕಲಸಿದ ಔಷಧಿಯ ನಾತದಲ್ಲಿ ಬೇರೇನೂ ತಿಳಿಯಲಿಲ್ಲ.

“ಬೀಗರಿಗೆ ಫೋನ್ ಹಚ್ಚಿ ಕೇಳ್ರಿ,” ಅಣ್ಣ ಅಂದ.

“ಹ್ಯಾಂಗ ಕೇಳ್ಲೋ? ನಾಳೆ ನನ್ನ ಮಗಳು ಮಾತ ಕೇಳಬೇಕಾಗ್ತೈತಿ.”

“ನನ್ನ ತೋಟ ಹೋಗ್ತೈತ್ರಿ ಕಾಕಾ.”

ಫೋನು ಹಚ್ಚಿದರು. ಮೊದಲು ಬೀಗರ ಮೊಣಕಾಲು ನೋವು ವಿಚಾರಿಸಿದರು. ಆಮೇಲೆ ಮಳೆ, ಆಮೇಲೆ ಎಮ್ಮೆ. ಅಣ್ಣ ಕಣ್ಣು ಕೆಕ್ಕರಿಸಿದ ಮೇಲೆ, “ಸಿಟ್ಟಾಗಬ್ಯಾಡ್ರಿ, ಪಂಪಿನಾಗ ಏನ ಹೊಡದಿದ್ರಿ?” ಅಂದರು.

“ಗೋವಿನಜ್ವಾಳದಾಗ ಕಸದ ಎಣ್ಣಿ. ತೊಳದ ತಂದೇನಲ್ರಿ!”

ವಾರದೊಳಗೆ ಆ ಎರಡು ಬಳ್ಳಿಗಳ ಎಳೆ ಎಲೆಗಳು ಬೀಸಣಿಗೆಯಂತೆ ಮುದುರಿದವು. ಉಳಿದ ತೋಟಕ್ಕೆ ಏನೂ ಆಗಲಿಲ್ಲ. ಕಾಕಾ ದಿನಾ ಬಂದು ಸಾಲು ಸಾಲು ನೋಡಿ ಹೋಗುತ್ತಿದ್ದರು, ನಮ್ಮಲ್ಲಿ ನೀರು ಕೂಡ ಮುಟ್ಟುತ್ತಿರಲಿಲ್ಲ. ಎಂಟನೇ ದಿನ ಬದುವಿನ ಮೇಲೆ ಕುಳಿತು, “ಚಹಾ ಐತೇನೋ?” ಅಂದರು.

ಹೋದ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ಅದಕ್ಕೆ ತಿಂಗಳ ಮೊದಲು ನೋಡಲು ಹೋದಾಗ ಬೀಗರೂ ಬಂದಿದ್ದರು. ಅವರಿಗೆ ಮತ್ತೆ ಪಂಪು ಬೇಕಿತ್ತು.

“ಏನ ಹೊಡಿಯಾವ್ರಿ ಬೀಗರ?” ಕಾಕಾ ಹಾಸಿಗೆಯಿಂದಲೇ ಕೇಳಿದರು.

“ಬದನಿಗಿಡಕ್ಕ ಹುಳದ ಔಷಧ. ಆವತ್ತೂ ಹಿಂಗ ಕೇಳಿದ್ರ ಹೇಳ್ತಿದ್ನಲ್ರಿ. ನೀವು ಬರೇ ಚಹಾಕ್ಕ ಸಕ್ಕರಿ ಬೇಕೇನು, ಸಾಕೇನು ಅಂತ ಕೇಳಿದ್ರಿ.”

ಕಾಕಾ ಕೆಮ್ಮು ಬರುವಷ್ಟು ನಕ್ಕರು.