ರೊಪ್ಪದ ಗೂಡಿನ ಎಣ್ಣೆ ಸೀಸೆ

೧೯೭೪ರ ದೀಪಾವಳಿಯ ಮರುವಾರ, ಮಾಡದಕೆರೆಯ ನಮ್ಮ ರೊಪ್ಪದಲ್ಲಿ, ಎಂದರೆ ಕುರಿದೊಡ್ಡಿಯಲ್ಲಿ, ಚೊಚ್ಚಲ ಕುರಿಯೊಂದು ಮರಿ ಹಾಕಿತು. ಹಾಕಿದ ಮರಿಯನ್ನು ಹತ್ತಿರ ಸೇರಿಸಲಿಲ್ಲ. ಕಾರಣ, ನನ್ನ ಅತ್ತಿಗೆಯ ಕೈಯಲ್ಲಿದ್ದ ಎಣ್ಣೆ.

ಅತ್ತಿಗೆ ಆ ವರ್ಷವೇ ರಾಮಗಿರಿಯಿಂದ ಮದುವೆಯಾಗಿ ಬಂದವರು. ಅವರ ತವರಿನಲ್ಲಿ ಹೊಲವಿತ್ತು, ತೆಂಗಿತ್ತು, ಕುರಿ ಇರಲಿಲ್ಲ. ಟ್ರಂಕಿನಲ್ಲಿ ಸೀರೆಗಳ ನಡುವೆ ಒಂದು ದಪ್ಪ ಗಾಜಿನ ಸೀಸೆ ಸುತ್ತಿಕೊಂಡು ತಂದಿದ್ದರು. ಅದರ ಎಣ್ಣೆ ಮುಗಿದ ಮೇಲೆ ನಮ್ಮ ಮನೆಯಲ್ಲೇ ಕಾಸಿದರು. ಹೊಳಲ್ಕೆರೆಯ ಗ್ರಂಧಿಗೆ ಅಂಗಡಿಯಿಂದ ಲಾವಂಚದ ಬೇರು, ಕಚೋರ ಬಂತು. ಕೊಬ್ಬರಿ ಎಣ್ಣೆಗೆ ಅವನ್ನು ಹಾಕಿ ಸಣ್ಣ ಕೆಂಡದ ಮೇಲಿಟ್ಟರು. ದವನ, ಮರುಗವನ್ನು ಮಾತ್ರ ಪಾತ್ರೆ ಇಳಿಸಿದ ಮೇಲೆ ಹಾಕಿ ಬಟ್ಟೆ ಕಟ್ಟಿದರು. ಉರಿಯ ಮೇಲೆ ಹಾಕಿದರೆ ಪರಿಮಳ ಹಾರಿಹೋಗುತ್ತದೆ ಎಂದು ನನಗೆ ಹೇಳಿದರು.

ನಾನಾಗ ಚಿತ್ರದುರ್ಗದ ಒಂದು ಪತ್ರಿಕೆಯ ಕಚೇರಿಯಲ್ಲಿದ್ದೆ. ರಜೆಗೆ ಊರಿಗೆ ಹೋಗುವಾಗ ಅವರು ಹೇಳಿ ಕಳಿಸಿದ ನೀಲಗಿರಿ ಎಣ್ಣೆ ಒಯ್ಯುತ್ತಿದ್ದೆ. ಯಾರಿಗೆ ನೆಗಡಿಯಾದರೂ ಕುದಿಯುವ ನೀರಿಗೆ ನಾಲ್ಕು ಹನಿ ಬಿಟ್ಟು, ತಲೆಯ ಮೇಲೆ ಕಂಬಳಿ ಹೊದಿಸಿ ಹಬೆ ಕೊಡುತ್ತಿದ್ದರು. ಬಿಸಿಲಲ್ಲಿ ಕುರಿ ಕಾದು ಬಂದ ಅಣ್ಣನ ನೆತ್ತಿಗೆ ದವನದ ಎಣ್ಣೆ ತಟ್ಟುತ್ತಿದ್ದರು. ಅವ್ವ ಅದನ್ನು ಶೋಕಿ ಎನ್ನುತ್ತಿದ್ದಳು. ಆದರೂ ಸಂಜೆಯಾದರೆ ಮಂಡಿ ನೀಡಿ ಕೂರುತ್ತಿದ್ದಳು.

ನಮ್ಮಲ್ಲಿ ಒಂದು ಕಟ್ಟು ಇತ್ತು. ಕುರಿ ಮರಿ ಹಾಕುವ ಕಾಲದಲ್ಲಿ ರೊಪ್ಪಕ್ಕೆ ಹೋಗುವವರು ಬೂದಿಯಿಂದ ಕೈ ತೊಳೆಯಬೇಕು, ಹೆಂಗಸರು ಹೂ ಮುಡಿಯಬಾರದು. ತಾಯಿ ಕುರಿ ಮರಿಯನ್ನು ಮೂಗಿನಿಂದಲೇ ಗುರುತಿಸುತ್ತದೆ. ಹುಟ್ಟಿದಾಗಿನಿಂದ ಗೊತ್ತಿದ್ದ ಈ ವಿಷಯವನ್ನು ಹೊಸ ಸೊಸೆಗೆ ಹೇಳಬೇಕೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಆ ದಿನ ಅಪ್ಪ, ಅಣ್ಣ ಮಂದೆಯೊಡನೆ ಹೊರಗಿದ್ದರು. ಅತ್ತಿಗೆ ಅವ್ವನ ಮಂಡಿ ತಿಕ್ಕುತ್ತಿದ್ದಾಗ ರೊಪ್ಪದಲ್ಲಿ ಕುರಿ ಒದರಿತು. ಓಡಿಹೋದವರು ನೆಲಕ್ಕೆ ಬಿದ್ದ ಮರಿಯನ್ನು ಎತ್ತಿ, ಸೆರಗಿನಿಂದ, ಎಣ್ಣೆಗೈಯಿಂದ ಚೆನ್ನಾಗಿ ಒರೆಸಿದರು. ತಾಯಿ ಕುರಿ ಬಂದು ಮೂಸಿತು, ಹಿಂದೆ ಸರಿಯಿತು, ಮರಿಯನ್ನು ಹಾಯ್ದು ಕೆಡವಿತು.

ಅಪ್ಪ ಬಂದವನು ಮರಿಯ ಬೆನ್ನು ಮೂಸಿ ಹೇಳಿದ: "ದವನದ ಮರಿ ಹಾಕೈತಲ್ಲವ್ವ ನಮ್ಮ ಕುರಿ."

ಅಣ್ಣ ನಕ್ಕ. ಅವ್ವ ನಗಲಿಲ್ಲ. ಕುರಿಯನ್ನು ಹಿಡಿದು ಮರಿಗೆ ಗಿಣ್ಣು ಕುಡಿಸಿದರು. ಬಿಟ್ಟ ಕೂಡಲೇ ಅದು ಒದೆಯಿತು. ತಾಯಿ ನೆಕ್ಕಲೆಂದು ಮರಿಗೆ ಉಪ್ಪು ಸವರಿದರು, ತಾಯಿಯ ಹಾಲನ್ನೇ ಹಿಂಡಿ ಹಚ್ಚಿದರು. ಮರುದಿನ ನಾನು ಊರಿಗೆ ಹೋದಾಗ ಮರಿ ಮೂಲೆಯಲ್ಲಿ ಮುದುರಿತ್ತು, ದನಿ ಇಳಿದಿತ್ತು. ಈ ಮರಿ ಸತ್ತರೆ ಆ ಸೀಸೆ ತಿಪ್ಪೆಗೆ ಹೋಗಬೇಕು, ಇನ್ನು ಈ ಮನೆಯಲ್ಲಿ ಎಣ್ಣೆ ಕಾಸುವಂತಿಲ್ಲ ಎಂದು ಅವ್ವ ಹೇಳಿಯಾಗಿತ್ತು.

ಅತ್ತಿಗೆ ಅತ್ತಿರಲಿಲ್ಲ. ಊಟವನ್ನೂ ಮಾಡಿರಲಿಲ್ಲ. ಮಧ್ಯಾಹ್ನ ಸೀಸೆ ಹಿಡಿದು ರೊಪ್ಪದ ಬಾಗಿಲಿಗೆ ಬಂದು ನಿಂತರು.

"ಮಾವ, ಆ ಕುರಿ ಒಂದೀಟು ಹಿಡ್ಕಳ್ರಿ."

"ಇನ್ನೂ ಹಚ್ಚಾದು ಉಳಿದೈತೇನೆ?" ಎಂದಳು ಅವ್ವ.

"ಮರಿಗೆ ಹತ್ತಿದ ವಾಸ್ನೆ ಹೋಗಲ್ಲ ಅತ್ತೆ. ತಾಯಿಗೂ ಅದೇ ಹತ್ತಲಿ."

ಅಪ್ಪ ಅವರ ಮುಖವನ್ನು ಒಮ್ಮೆ ನೋಡಿ, ಕುರಿಯ ಕುತ್ತಿಗೆ ಹಿಡಿದ. ಅತ್ತಿಗೆ ಅದರ ಮೂಗಿಗೆ, ಕೆನ್ನೆಗೆ ಎಣ್ಣೆ ಸವರಿದರು. ಆಮೇಲೆ ಮರಿಯ ಬೆನ್ನಿಗೆ, ಬಾಲದ ಬುಡಕ್ಕೆ ಹಚ್ಚಿದರು. ಕುರಿ ಸೀನಿತು, ತಲೆ ಕೊಡವಿತು, ನೆಲ ಮೂಸಿತು, ಗೋಡೆ ಮೂಸಿತು. ಎಲ್ಲ ಕಡೆಯೂ ಅದಕ್ಕೆ ಒಂದೇ ವಾಸನೆ. ಕೊನೆಗೆ ಮರಿಯನ್ನು ಮೂಸಿದಾಗ ಹಾಯಲಿಲ್ಲ. ಹೊತ್ತು ಇಳಿಯುವಾಗ ಅಪ್ಪ ಕೈ ಬಿಟ್ಟ. ಕುರಿ ನಿಂತೇ ಇತ್ತು. ಮರಿ ಮಂಡಿಯೂರಿ ಕೆಚ್ಚಲಿಗೆ ಬಾಯಿ ಹಾಕಿತು, ಬಾಲ ಆಡತೊಡಗಿತು.

ಅವ್ವ ಸೊಸೆಯ ಕೈಯಿಂದ ಸೀಸೆ ತೆಗೆದುಕೊಂಡು ರೊಪ್ಪದ ಗೋಡೆಯ ಗೂಡಿನಲ್ಲಿಟ್ಟಳು.

"ಇದು ಇಲ್ಲೇ ಇರ್ಲಿ. ನನ್ ಮಂಡಿಗೆ ಬ್ಯಾರೆ ಕಾಸು. ಈಗ ಉಣ್ಣು ನಡಿ."

ಮರುವರ್ಷ ಪಕ್ಕದ ಹಟ್ಟಿಯವರು ಬಟ್ಟಲು ಹಿಡಿದು ಬಂದರು. ಆಮೇಲೆ ಹಾಲುರಾಮೇಶ್ವರದ ಕಡೆಯ ಕುರಿಗಾಹಿಗಳೂ ಕೇಳಿಕೊಂಡು ಬಂದರು. ತಾಯಿ ಸತ್ತ ಮರಿಗಳನ್ನು ಬೇರೆ ಕುರಿಗೆ ಹೊಂದಿಸಲೂ ಅದೇ ಎಣ್ಣೆ ಬಳಸಿದರು. ಕೆಲವು ಹೊಂದಿಕೊಂಡವು, ಕೆಲವು ಹೊಂದಿಕೊಳ್ಳಲಿಲ್ಲ. ಯಾರಾದರೂ ನನ್ನನ್ನು ಆ ಎಣ್ಣೆಯವರ ಮೈದುನ ಎಂದು ಗುರುತಿಸಿದರೆ, ಪತ್ರಿಕೆಯವನು ಎಂದು ನಾನು ತಿದ್ದುತ್ತಿರಲಿಲ್ಲ.

ಅತ್ತಿಗೆಗೆ ಈಗ ಕಣ್ಣು ಮಂಜು. ಎಣ್ಣೆಯ ಹದವನ್ನು ಮೂಗಿನಿಂದಲೇ ನೋಡುತ್ತಾರೆ. ಹೋದ ದೀಪಾವಳಿಗೆ ಊರಿಗೆ ಹೋದಾಗ ಸೀಸೆ ಗೂಡಿನಲ್ಲಿತ್ತು, ಅರ್ಧ ತುಂಬಿತ್ತು.