ಟಾರ್ಚ್ ಹಿಡಿದ ಯಜಮಾನರು

ಕೊರೊನಾ ಲಾಕ್‌ಡೌನಿನಲ್ಲಿ ಡೊಂಬಿವಲಿಯ ನನ್ನ ಹಲ್ಲಿನ ಕ್ಲಿನಿಕ್ಕಿಗೆ ಬೀಗ ಬಿದ್ದಿತ್ತು. ರೋಗಿಗಳನ್ನು ವಿಡಿಯೊ ಕಾಲಿನಲ್ಲೇ ನೋಡುತ್ತಿದ್ದೆ. ಒಂದು ಬೆಳಿಗ್ಗೆ ಕಾಮೋಠೆಯಲ್ಲಿ ನೆಲೆಸಿದ್ದ ವಿಜಯಪುರ ಕಡೆಯ ಅಜ್ಜಿಯೊಬ್ಬರು ಕಾಲ್ ಮಾಡಿದರು. ಕೆನ್ನೆ ಊದಿತ್ತು. ಬಾಯಿ ತೆರೆಯಲಾಗದಿದ್ದರೆ ಆಸ್ಪತ್ರೆಗೇ ಕಳಿಸಬೇಕು, ಆಗ ಆಸ್ಪತ್ರೆಯೆಂದರೆ ಎಲ್ಲರಿಗೂ ಭಯ.

"ಬಾಯಿ ತೆರೀರಿ ಅಮ್ಮಾ," ಎಂದೆ. ಅವರು ಸೆರಗು ಅಡ್ಡ ಹಿಡಿದರು. ಟಾರ್ಚ್ ಹಿಡಿದು ಪಕ್ಕದಲ್ಲಿ ಕೂತಿದ್ದವರು ಅವರ ಯಜಮಾನರು.

"ಇವರ ಮುಂದ ಹೆಂಗ್ರೀ?"

ನಾನು ಗದರಿದ ಮೇಲೆ ಸೆರಗು ಸರಿಯಿತು. ಬಾಯಿ ಪೂರ್ತಿ ತೆರೆಯಿತು. ನನಗೆ ಹೋದ ಜೀವ ಬಂದಂತಾಯಿತು. ಆದರೆ ಯಜಮಾನರು ಟಾರ್ಚ್ ಹಿಡಿದೇ ಬಗ್ಗಿ ಬಾಯೊಳಗೆ ಇಣುಕಿದರು.

"ದವಡೆ ಹಲ್ಲ ಇಲ್ಲಲ್ಲ! ಯಾವಾಗ ಹೋದ್ವು?"

"ಭಾಳ ವರ್ಷಾತು. ನಿಮಗ ಖಡಕ್ ರೊಟ್ಟಿನ ಬೇಕು. ನಾ ಸಾರಿನ್ಯಾಗ ನೆನಿಸಿ ತಿಂತೀನಿ."

"ನಾ ನೋಡೇ ಇಲ್ಲಲ್ಲ?"

"ನೀವು ಉಂಡೆದ್ದ ಮ್ಯಾಲ ನಾ ಉಣ್ಣೂದು. ಹೆಂಗ ನೋಡ್ತೀರಿ?"

ಗುಳಿಗೆಗಳನ್ನು ಬರೆದು ಕಳಿಸಿದೆ. ಮೂರನೇ ದಿನ ಯಜಮಾನರೇ ಕಾಲ್ ಮಾಡಿದರು. ಬಾವು ಇಳಿದಿತ್ತಂತೆ. ಅವರ ಕೈಗೆಲ್ಲ ಜೋಳದ ಹಿಟ್ಟು ಮೆತ್ತಿತ್ತು.

"ಡಾಕ್ಟರ್ರ, ರೊಟ್ಟಿ ಮೆತ್ತಗ ಆಗಾಕ ಏನ ಮಾಡಬೇಕ್ರೀ?"

ಉಡುಪಿಯವಳಾದ ನನ್ನನ್ನು ರೊಟ್ಟಿಯ ಬಗ್ಗೆ ಕೇಳಿದರೆ ಏನು ಹೇಳಲಿ? ಸ್ಪೆಷಲಿಸ್ಟ್ ನಿಮ್ಮ ಮನೆಯಲ್ಲೇ ಇದ್ದಾರೆ, ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ ಎಂದೆ.